ತೀರ್ಪಿನ ರುಚಿ

ಭಾದ್ರಪದದಲ್ಲಿ ಶೃಂಗೇರಿ ಮಠದಲ್ಲಿ ವಿದ್ವಾಂಸರು ಶಾಸ್ತ್ರಚರ್ಚೆ ನಡೆಸುವ ಮಹಾಗಣಪತಿ ವಾಕ್ಯಾರ್ಥ ಸಭೆಯಲ್ಲಿ ಸಿದ್ಧಾಂತ ಯಾವುದೆಂದು ಕೂತವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಆದರೂ ಜನ ಕದಲುವುದಿಲ್ಲ. ಅಲ್ಲಿನ ಸ್ವಾರಸ್ಯವೆಲ್ಲ ಪೂರ್ವಪಕ್ಷದಲ್ಲಿದೆ. ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ, ಇನ್ನೇನು ಅವನೇ ಗೆದ್ದ ಅನ್ನುವಷ್ಟು ಗಟ್ಟಿ ಮಾಡಿ, ಆಮೇಲೆ ಒಂದೊಂದೇ ಗಂಟು ಬಿಚ್ಚುವ ಆ ಚಂದಕ್ಕೆ ಸಂಸ್ಕೃತ ಅರ್ಧಂಬರ್ಧ ಹಿಡಿದವರೂ ತಲೆದೂಗುತ್ತಾರೆ.

ಈ ರುಚಿ ಕೋರ್ಟಿನ ತೀರ್ಪಿನಲ್ಲೂ ಸಿಗುತ್ತದೆ ಎಂದರೆ ನಮ್ಮ ಕಡೆ ನಗುತ್ತಾರೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕೋರ್ಟುಗಳಿಗೆ ಅಲೆದವರಿಗೆ ವ್ಯಾಜ್ಯ ಅಂದರೆ ಬೇಲಿ, ದಾರಿ, ಹಿಸ್ಸೆ, ವಾಯಿದೆ. ತೀರ್ಪಿನ ಪ್ರತಿ ಕೈಗೆ ಬಂದರೆ ಓದುವುದು ಕೊನೆಯ ಪುಟ ಮಾತ್ರ. ಗೆದ್ದೆವೋ ಸೋತೆವೋ ಗೊತ್ತಾದರೆ ಸಾಕು. ಅದು ತಪ್ಪೂ ಅಲ್ಲ, ಸ್ವಂತ ತೋಟ ಪಣಕ್ಕಿದ್ದಾಗ ರಸಾಸ್ವಾದ ಯಾರಿಗೆ ಬೇಕು? ಆದರೆ ನಮ್ಮದಲ್ಲದ ವ್ಯಾಜ್ಯ, ನಮ್ಮದಲ್ಲದ ದುಡ್ಡು, ಕಟ್ಟಿ ಬರೆದ ತೀರ್ಪು ಮೂರೂ ಒಟ್ಟಿಗೆ ಸಿಕ್ಕಿದರೆ ಅದರಂಥ ಓದು ಇನ್ನೊಂದಿಲ್ಲ.

ಅಂಥ ಓದು ಈಗ ಹೆಚ್ಚಾಗಿ ಸಿಗುವುದು ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯಗಳಲ್ಲಿ. ಸಿಂಗಾಪುರದ್ದು 2015ರ ಜನವರಿಯಲ್ಲಿ ಶುರುವಾಯಿತು. ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ 2019ರಲ್ಲಿ ಬಂತು. ದುಬೈನವರು ಡಿಜಿಟಲ್ ವ್ಯವಹಾರಕ್ಕೆಂದೇ ಒಂದು ವಿಭಾಗ ತೆರೆದಿದ್ದಾರೆ. ಸಿಂಗಾಪುರದ ಪೀಠದಲ್ಲಿ ಆ ದೇಶದ ನ್ಯಾಯಾಧೀಶರ ಜೊತೆ ಇಂಗ್ಲೆಂಡ್, ಆಸ್ಟ್ರೇಲಿಯಾ ಮುಂತಾದ ಕಡೆಯವರೂ ಕೂರುತ್ತಾರೆ. ನಮ್ಮ ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಎ.ಕೆ. ಸಿಕ್ರಿ ಅವರೂ ಅಲ್ಲಿ ನೇಮಕಗೊಂಡವರೇ. ಕಕ್ಷಿದಾರರಿಗೆ ಸಿಂಗಾಪುರದ ಜೊತೆ ನಂಟಿರಬೇಕೆಂದೇನೂ ಇಲ್ಲ, ಅಲ್ಲಿಗೆ ಹೋಗೋಣ ಎಂದು ಇಬ್ಬರೂ ಒಪ್ಪಿದ್ದರೆ ಸಾಕು.

ಆ ಕೋರ್ಟಿನ ಕಿರೀಟದಂಥ ಪ್ರಕರಣ ಬಿ2ಸಿ2 ಮತ್ತು ಕ್ವಾಯ್ನ್ ಕಂಪನಿಗಳ ನಡುವಿನದು. ಕ್ವಾಯ್ನ್ ಸಿಂಗಾಪುರದ ಕಂಪನಿ. ಬಿಟ್‌ಕಾಯಿನ್, ಈಥರ್ ಮುಂತಾದ ಡಿಜಿಟಲ್ ನಾಣ್ಯಗಳನ್ನು ಕೊಡುಕೊಳ್ಳುವ ಆನ್‌ಲೈನ್ ಪೇಟೆ ಅದರದ್ದು. ಬಿ2ಸಿ2 ಆ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ಕಂಪನಿ. ಎರಡೂ ಕಡೆ ವ್ಯಾಪಾರ ನಡೆಸುತ್ತಿದ್ದುದು ಪ್ರೋಗ್ರಾಂಗಳೇ. 2017ರ ಏಪ್ರಿಲ್ 19ರ ರಾತ್ರಿ ಅಲ್ಲಿ ನಡೆದದ್ದನ್ನು ತೀರ್ಪು ಪತ್ತೇದಾರಿ ಕಥೆಯಂತೆ ಬಿಡಿಸುತ್ತದೆ. ಕ್ವಾಯ್ನ್‌ನವರು ಭದ್ರತೆಗೆಂದು ಕೆಲವು ಪಾಸ್‌ವರ್ಡ್ ಬದಲಿಸಿದ್ದರು. ಅದಕ್ಕೆ ತಕ್ಕಂತೆ ವ್ಯವಸ್ಥೆಯ ಬೇರೆಡೆ ಮಾಡಬೇಕಿದ್ದ ಬದಲಾವಣೆ ಮಾಡಿರಲಿಲ್ಲ. ಹೊರಗಿನ ಪೇಟೆಗಳ ಧಾರಣೆ ತಂದುಕೊಳ್ಳುತ್ತಿದ್ದ ಅವರ ಪ್ರೋಗ್ರಾಂಗೆ ಧಾರಣೆ ಬರುವುದು ನಿಂತಿತು, ಅದು ಹೊಸ ಆರ್ಡರು ಹಾಕುವುದನ್ನು ನಿಲ್ಲಿಸಿತು. ಪೇಟೆ ಬರಿದಾಯಿತು. ಸಾಲದ ಮೇಲೆ ವ್ಯಾಪಾರ ಮಾಡಿದ್ದ ಗಿರಾಕಿಗಳ ಅಡಮಾನ ಸಾಲದು ಎಂದು ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕಿ, ಅವರ ಖಾತೆಯ ಬಿಟ್‌ಕಾಯಿನ್ ಕೊಟ್ಟು, ಸಿಕ್ಕಿದ ಬೆಲೆಗೆ ಈಥರ್ ಕೊಳ್ಳಲು ಹೊರಟಿತು. ಆ ಖಾಲಿ ಪೇಟೆಯಲ್ಲಿ ಮಾರುವುದಕ್ಕೆ ಕೂತಿದ್ದದ್ದು ಬಿ2ಸಿ2 ಮಾತ್ರ. ಅದು ಇಟ್ಟಿದ್ದ ಬೆಲೆ ಒಂದು ಈಥರ್‌ಗೆ 10 ಬಿಟ್‌ಕಾಯಿನ್!

ಆಗ ನಿಜವಾದ ಧಾರಣೆ ಸುಮಾರು 0.04 ಬಿಟ್‌ಕಾಯಿನ್. ಅಂದರೆ ಇನ್ನೂರೈವತ್ತು ಪಟ್ಟು. ಕ್ವಿಂಟಲಿಗೆ ಐವತ್ತು ಸಾವಿರದ ರಾಶಿ ಇಡಿ ಅಡಿಕೆ ಒಂದು ರಾತ್ರಿ ಒಂದೂಕಾಲು ಕೋಟಿಗೆ ಬಿಕರಿಯಾಗಿ, ದುಡ್ಡು ಖಾತೆಗೂ ಬಿದ್ದರೆ ಎನ್.ಆರ್. ಪುರದ ಬೆಳೆಗಾರನಿಗೆ ಹೇಗಾಗಬಹುದೋ ಹಾಗೆ. 309 ಚಿಲ್ಲರೆ ಈಥರ್‌ಗೆ 3,092 ಚಿಲ್ಲರೆ ಬಿಟ್‌ಕಾಯಿನ್ ಬಿ2ಸಿ2 ಖಾತೆಗೆ ಬಂತು. ಮರುದಿನ ಕ್ವಾಯ್ನ್‌ನವರು ನೋಡಿ, ಗಾಬರಿಯಾಗಿ, ವ್ಯಾಪಾರವನ್ನೇ ರದ್ದು ಮಾಡಿ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡರು. ಆದರೆ ಅವರದೇ ಕರಾರಿನಲ್ಲಿ, ಒಮ್ಮೆ ಕುದುರಿದ ವ್ಯಾಪಾರವನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂದು ಬರೆದಿತ್ತು.

ಪೂರ್ವಪಕ್ಷ ಇಲ್ಲಿ ಎದ್ದು ನಿಲ್ಲುತ್ತದೆ. ಎದುರಿನವನು ತಪ್ಪು ತಿಳಿದು ಒಪ್ಪಂದ ಮಾಡುತ್ತಿದ್ದಾನೆಂದು ಗೊತ್ತಿದ್ದೂ ಅದರ ಲಾಭ ಪಡೆದರೆ ಆ ಒಪ್ಪಂದ ನಿಲ್ಲುವುದಿಲ್ಲ. ಇದು ಹಳೆಯ ನ್ಯಾಯ. ಸಿಂಗಾಪುರದಲ್ಲೇ 2003ರಲ್ಲಿ ಅದಕ್ಕೊಂದು ಸೊಗಸಾದ ನಿದರ್ಶನ ಸಿಕ್ಕಿತ್ತು. 3,854 ಡಾಲರಿನ ಲೇಸರ್ ಪ್ರಿಂಟರಿಗೆ ವೆಬ್‌ಸೈಟಿನಲ್ಲಿ ತಪ್ಪಿ 66 ಡಾಲರ್ ಎಂದು ಬಿದ್ದಿತ್ತು. ಆರು ಮಂದಿ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು. ಮಧ್ಯರಾತ್ರಿ ದಾಟಿದ ಮೇಲೆ ಗೆಳೆಯರು ಒಬ್ಬರನ್ನೊಬ್ಬರು ಎಚ್ಚರಿಸಿ, ಬೇಗ ಬೇಗ ಎಂದು ಕಳಿಸಿಕೊಂಡ ಸಂದೇಶಗಳನ್ನೇ ನ್ಯಾಯಾಧೀಶ ವಿ.ಕೆ. ರಾಜಾ ಸಾಕ್ಷಿಯಾಗಿ ಹಿಡಿದರು. ಇವರಿಗೆ ತಪ್ಪು ಗೊತ್ತಿತ್ತು ಎಂದರು. ಒಪ್ಪಂದ ಬಿದ್ದುಹೋಯಿತು.

ಆದರೆ ಬಿ2ಸಿ2 ಪ್ರಕರಣದಲ್ಲಿ ಮಧ್ಯರಾತ್ರಿ ಯಾರೂ ಎದ್ದಿರಲಿಲ್ಲ. ಮಾರಿದ್ದು ಪ್ರೋಗ್ರಾಂ, ಕೊಂಡದ್ದೂ ಪ್ರೋಗ್ರಾಂ. ಹಾಗಾದರೆ ಗೊತ್ತಿತ್ತು ಎನ್ನುವುದು ಯಾರಿಗೆ?

ಮೊದಲ ಹಂತದಲ್ಲಿ ಕೇಳಿದವರು ಸೈಮನ್ ಥಾರ್ಲಿ. ಇಂಗ್ಲೆಂಡಿನಲ್ಲಿ ಪೇಟೆಂಟ್ ವಕಾಲತ್ತಿನಲ್ಲಿ ಪಳಗಿದವರು, ಯಂತ್ರದ ಹೊಟ್ಟೆ ಬಗೆದು ನೋಡುವುದು ಅವರಿಗೆ ಹೊಸದಲ್ಲ. 2019ರ ಮಾರ್ಚಿನ ತೀರ್ಪಿನಲ್ಲಿ ಅವರು ಯಂತ್ರದ ಮೇಲೆ ಕವಿದಿದ್ದ ಮಾಯೆಯನ್ನೆಲ್ಲ ಒಂದೇ ಏಟಿಗೆ ಕಳಚಿದರು. ಈ ಪ್ರೋಗ್ರಾಂಗಳಿಗೆ ಸ್ವಂತ ಬುದ್ಧಿಯಿಲ್ಲ. ಬರೆದದ್ದನ್ನು ಮಾಡುತ್ತವೆ, ಬರೆಯದ್ದನ್ನು ಮಾಡುವುದಿಲ್ಲ. ಕಾರು ಜೋಡಿಸುವ ರೋಬೊ ಇದ್ದಂತೆ, ಅಡುಗೆಮನೆಯ ಮಿಕ್ಸಿ ಇದ್ದಂತೆ ಎಂಬುದು ಅವರ ಮಾತಿನ ತಾತ್ಪರ್ಯ. ಕೋಟ್ಯಂತರ ಡಾಲರಿನ ಕ್ರಿಪ್ಟೊ ವ್ಯಾಜ್ಯದ ನಟ್ಟನಡುವೆ ಮಿಕ್ಸಿ ತಂದಿಟ್ಟ ನ್ಯಾಯಾಧೀಶನ ಧೈರ್ಯಕ್ಕೆ ಶಹಬ್ಬಾಸ್ ಅನ್ನಬೇಕು. ಯಂತ್ರಕ್ಕೆ ಮನಸ್ಸಿಲ್ಲ ಎಂದಾದ ಮೇಲೆ ಹುಡುಕಬೇಕಾದದ್ದು ಅದನ್ನು ಬರೆದ ಮನುಷ್ಯನ ಮನಸ್ಸು. ಆ 10 ಎಂಬ ಅಂಕಿಯನ್ನು ಬರೆದಾಗ ಅವನು ಏನು ಯೋಚಿಸಿದ್ದ? ಪೇಟೆಯ ಮಾಹಿತಿ ಸಾಲದಾದಾಗ ತನ್ನ ಕಂಪನಿಗೆ ನಷ್ಟವಾಗದಿರಲಿ ಎಂದು ಬರೆದಿದ್ದ. ಯಾರದೋ ತಪ್ಪನ್ನು ಕಾದು ಕೂತು ದೋಚಬೇಕೆಂದು ಬರೆದದ್ದಲ್ಲ. ಆದ್ದರಿಂದ ಒಪ್ಪಂದ ನಿಂತಿತು, ರದ್ದು ಮಾಡಿದ್ದು ತಪ್ಪಾಯಿತು.

ಮೇಲ್ಮನವಿ ಕೋರ್ಟು 2020ರ ಫೆಬ್ರವರಿ 24ರಂದು ಇದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಐವರ ಪೀಠ, ನಾಲ್ವರು ಒಂದು ಕಡೆ. ಮುಖ್ಯ ನ್ಯಾಯಾಧೀಶ ಸುಂದರೇಶ್ ಮೆನನ್ ಅವರ ಕಡೆಯ ತೀರ್ಪಿನ ಒಂದು ಸೂಕ್ಷ್ಮವನ್ನು ನಿಧಾನವಾಗಿ ಸವಿಯಬೇಕು. ಗಿರಾಕಿಗಳು ತಪ್ಪು ತಿಳಿದದ್ದು ಯಾವುದರ ಬಗ್ಗೆ? ಬೆಲೆಯ ಬಗ್ಗೆ ಅಲ್ಲ, ಏಕೆಂದರೆ ಯಾವ ಬೆಲೆಗಾದರೂ ಸರಿ ಎಂದೇ ಆರ್ಡರ್ ಹೋಗಿತ್ತು. ಪೇಟೆ ಸರಿಯಾಗಿ ನಡೆಯುತ್ತಿದೆ ಎಂಬ ನಂಬಿಕೆ ಸುಳ್ಳಾಯಿತು, ಅಷ್ಟೆ. ನಂಬಿಕೆ ಸುಳ್ಳಾಗುವುದು ಬೇರೆ, ಕರಾರಿನ ಮಾತಿನಲ್ಲೇ ತಪ್ಪಾಗುವುದು ಬೇರೆ. ಈ ಕೂದಲೆಳೆಯ ವ್ಯತ್ಯಾಸದ ಮೇಲೆ ಮೂರು ಸಾವಿರ ಬಿಟ್‌ಕಾಯಿನ್ ನಿಂತಿತ್ತು. ಹಾಗೆಂದು ಅಷ್ಟೂ ನಾಣ್ಯವನ್ನು ಹಿಂದಕ್ಕೆ ಕೊಡಿ ಎಂದು ಆದೇಶವಾಗಲಿಲ್ಲ. ಅಷ್ಟರಲ್ಲಿ ಬಿಟ್‌ಕಾಯಿನ್ ಬೆಲೆ ವಿಪರೀತ ಏರಿತ್ತು. ನಷ್ಟ ಎಷ್ಟೆಂದು ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕು ಎಂದಾಯಿತು.

ಐದನೆಯವರು ಜೊನಾಥನ್ ಮ್ಯಾನ್ಸ್. ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಕೂತಿದ್ದವರು. ಅವರು ಭಿನ್ನಮತ ಬರೆದರು. ಪ್ರೋಗ್ರಾಂ ಬರೆದ ದಿನ ಅವನ ತಲೆಯಲ್ಲಿ ಏನಿತ್ತೆಂದು ಏಕೆ ಕೇಳುತ್ತೀರಿ? ಆ ರಾತ್ರಿ ಪ್ರಾಮಾಣಿಕನೂ ವಿವೇಕಿಯೂ ಆದ ಒಬ್ಬ ವ್ಯಾಪಾರಿ ಅಲ್ಲಿದ್ದು ಈ ಬೆಲೆ ನೋಡಿದ್ದರೆ ಏನು ತಿಳಿಯುತ್ತಿದ್ದ ಎಂದು ಕೇಳಿ. ಎಲ್ಲೋ ದೊಡ್ಡ ಎಡವಟ್ಟಾಗಿದೆ ಎಂದು ಅವನಿಗೆ ತಟ್ಟನೆ ಹೊಳೆಯುತ್ತಿತ್ತು. ಮನುಷ್ಯನ ಜಾಗದಲ್ಲಿ ಯಂತ್ರ ಕೂರಿಸಿದ ಮಾತ್ರಕ್ಕೆ ಮನುಷ್ಯನಿಗಿದ್ದ ಹೊಣೆ ಮಾಯವಾಗಬೇಕೇ? ವಾದದ ಸಾರ ಇದು.

ನಾಲ್ವರ ಮಾತು ಓದುವಾಗ ಸರಿ ಅನ್ನಿಸುತ್ತದೆ, ಮ್ಯಾನ್ಸ್ ಅವರದು ಓದುವಾಗ ಅದೂ ಸರಿ ಅನ್ನಿಸುತ್ತದೆ. ವ್ಯಾಪಾರಕ್ಕೆ ಬೇಕಾದ ಖಚಿತತೆ ನಾಲ್ವರ ತೀರ್ಪಿನಲ್ಲಿದೆ. ಆದರೆ ಬರೆದವನಿಗೇ ಗೊತ್ತಿಲ್ಲದ್ದನ್ನು ಕಲಿತು ಮಾಡುವ ಕೃತಕ ಬುದ್ಧಿಮತ್ತೆಯ ಕಾಲಕ್ಕೆ, ಬರೆದವನ ಮನಸ್ಸನ್ನು ಹುಡುಕುವ ಸೂತ್ರ ಎಷ್ಟು ದೂರ ಬಂದೀತು? ಮುಂದಿನ ವ್ಯಾಜ್ಯಗಳಿಗೆ ಮ್ಯಾನ್ಸ್ ಅವರ ಪ್ರಶ್ನೆಯೇ ಹೆಚ್ಚು ಬಾಳಿಕೆಯದು ಎಂದು ನನಗೆ ತೋರುತ್ತದೆ.

ತರ್ಕಶಾಸ್ತ್ರ ಓದಿದವರಿಗೆ ಇನ್ನೊಂದು ಹಬ್ಬವಿದೆ. ಕತ್ತಲೆ ಎಂಬುದು ಒಂದು ದ್ರವ್ಯವೋ, ಅಥವಾ ಬೆಳಕಿನ ಅಭಾವವೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಟ್ಟಲೆ ಜಗಳವಾಡಿದ್ದಾರೆ. ಬಿಟ್‌ಕಾಯಿನ್ ಬಗ್ಗೆ ಲಂಡನ್ನಿನಲ್ಲಿ ನಡೆದದ್ದೂ ಇದೇ. ಸೊತ್ತು ಅಂದರೆ ಕೈಯಲ್ಲಿ ಹಿಡಿಯುವಂಥದ್ದು, ಇಲ್ಲವೇ ದಾವಾ ಹಾಕಿ ಪಡೆಯುವಂಥದ್ದು, ಮೂರನೆಯದಿಲ್ಲ ಎಂದು 1885ರಲ್ಲೇ ಅಲ್ಲಿನ ನ್ಯಾಯಾಧೀಶರೊಬ್ಬರು ಹೇಳಿಟ್ಟಿದ್ದರು. ಬಿಟ್‌ಕಾಯಿನ್ ಎರಡಕ್ಕೂ ಸೇರದು. 2019ರ ಡಿಸೆಂಬರಿನಲ್ಲಿ ಲಂಡನ್ ವಾಣಿಜ್ಯ ಕೋರ್ಟಿನ ಮುಂದೆ ಒಂದು ವಿಮಾ ಕಂಪನಿ ಬಂತು. ಕಂಪ್ಯೂಟರ್ ಒತ್ತೆಯಿಟ್ಟುಕೊಂಡ ಅನಾಮಿಕರಿಗೆ ಅದು 109.25 ಬಿಟ್‌ಕಾಯಿನ್ ತೆತ್ತಿತ್ತು. ಎರಡೂ ಪಂಗಡಕ್ಕೆ ಸೇರದಿದ್ದರೂ ಸೊತ್ತೇ ಎಂದು ನ್ಯಾಯಾಧೀಶ ಬ್ರಯಾನ್ ಒಪ್ಪಿ ತಡೆಯಾಜ್ಞೆ ಕೊಟ್ಟರು. ನಮ್ಮಲ್ಲಿ ಮದ್ರಾಸ್ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಕ್ರಿಪ್ಟೊ ಸೊತ್ತು ಎಂದು ಹೇಳಿತು.

ಇದೆಲ್ಲ ಪರದೇಶದ ಪಂಚಾಯಿತಿ, ನಮಗೇನು ಎನ್ನುವವರಿಗೆ ಬೆಂಗಳೂರಿನ ದೇವಾಸ್ ಪ್ರಕರಣ ಇದೆ. ದೇವಾಸ್ ಮಲ್ಟಿಮೀಡಿಯಾ 2004ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ. ಇಸ್ರೋದ ವಾಣಿಜ್ಯ ಅಂಗವಾದ ಆ್ಯಂಟ್ರಿಕ್ಸ್ ಜೊತೆ 2005ರ ಜನವರಿ 28ರಂದು ಅದು ಒಪ್ಪಂದ ಮಾಡಿಕೊಂಡಿತು. ಉಪಗ್ರಹದ ಎಸ್ ಬ್ಯಾಂಡ್ ತರಂಗಗಳ ಮೂಲಕ ಜನರ ಕೈಯ ಮೊಬೈಲಿಗೇ ವಿಡಿಯೊ ಕಳಿಸುವ ಯೋಜನೆ ಅದು. ದೇಶದಲ್ಲಿ ಆಗಿನ್ನೂ ತ್ರೀಜಿ ಇರಲಿಲ್ಲ. 2011ರ ಫೆಬ್ರವರಿಯಲ್ಲಿ ದೇಶದ ಭದ್ರತೆಗೆ ಈ ತರಂಗ ಬೇಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿತು, ಒಪ್ಪಂದ ರದ್ದಾಯಿತು. ದೇವಾಸ್‌ನಲ್ಲಿ ಹಣ ಹೂಡಿದ್ದ ಜರ್ಮನಿಯ ಡಾಯ್ಚ ಟೆಲಿಕಾಂ ಜಿನೀವಾದಲ್ಲಿ ಪಂಚಾಯಿತಿಗೆ, ಅಂದರೆ ಆರ್ಬಿಟ್ರೇಷನ್ನಿಗೆ, ಹೋಗಿ ಗೆದ್ದಿತು. ಭಾರತ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ಕೋರ್ಟಿಗೆ ಹೋಗಿ 2018ರಲ್ಲಿ ಸೋತಿತು. 2020ರಲ್ಲಿ 93.3 ಮಿಲಿಯನ್ ಡಾಲರ್ ಪರಿಹಾರ ನಿಗದಿಯಾಯಿತು. ಅದನ್ನು ವಸೂಲು ಮಾಡಲು ಡಾಯ್ಚ ಟೆಲಿಕಾಂ ಸಿಂಗಾಪುರಕ್ಕೂ ಬಂತು. ವ್ಯಾಜ್ಯ ಅಲ್ಲಿನ ಅಂತರರಾಷ್ಟ್ರೀಯ ವಾಣಿಜ್ಯ ಕೋರ್ಟಿನ ಮುಂದೆ ಹೋಗಿ, ಅಲ್ಲಿಂದ ಮೇಲ್ಮನವಿಗೆ ಏರಿತು.

ಉಪಗ್ರಹ, ತರಂಗ, ಮೊಬೈಲು ಎಲ್ಲ ಇಲ್ಲಿ ಪಕ್ಕಕ್ಕೆ ಸರಿದವು. ಉಳಿದದ್ದು ನಮ್ಮ ತಾಲ್ಲೂಕು ಕೋರ್ಟಿನ ಗುಮಾಸ್ತನಿಗೂ ಗೊತ್ತಿರುವ ಪ್ರಶ್ನೆ. ಒಂದು ಕಡೆ ವಾದಿಸಿ ಸೋತ ವಿಷಯವನ್ನು ಇನ್ನೊಂದು ಕಡೆ ಮತ್ತೆ ಎತ್ತಬಹುದೇ? ಒಂದೇ ದೇಶದೊಳಗೆ ಆಗದು ಎಂಬುದು ಸರಿ. ದೇಶದ ಗಡಿ ದಾಟಿದರೆ? 2023ರ ಡಿಸೆಂಬರಿನಲ್ಲಿ ಸಿಂಗಾಪುರದ ಮೇಲ್ಮನವಿ ಕೋರ್ಟು, ಗಡಿ ದಾಟಿದರೂ ಆಗದು ಎಂದಿತು. ಪಂಚಾಯಿತಿ ನಡೆದ ನೆಲದ ಕೋರ್ಟಿನ ಮಾತಿಗೆ ವಿಶೇಷ ತೂಕ ಕೊಡಬೇಕೆಂಬ ತತ್ತ್ವವನ್ನೂ ಬಹುಮತದವರು ಮುಂದಿಟ್ಟರು. ಪೀಠದಲ್ಲಿ ಇಲ್ಲೂ ಮ್ಯಾನ್ಸ್ ಇದ್ದರು. ಫಲಿತಾಂಶಕ್ಕೆ ಒಪ್ಪಿದರು, ಆದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ ಎಂದು ಬೇರೆಯೇ ಬರೆದರು. ಗೆದ್ದ ಕಡೆ ನಿಂತಾಗಲೂ ಕಾರಣಗಳ ಲೆಕ್ಕವನ್ನು ಸಡಿಲ ಬಿಡದ ಇಂಥವರನ್ನು ಓದುವುದೇ ಒಂದು ಸುಖ.

ಇದರ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 2022ರ ಜನವರಿ 17ರ ತೀರ್ಪನ್ನು ಇಟ್ಟುಕೊಳ್ಳಬೇಕು. ದೇವಾಸ್ ವಂಚನೆಯಿಂದಲೇ ನಡೆದ ಕಂಪನಿ ಎಂದು ಹೇಳಿ, ಅದನ್ನು ಮುಚ್ಚುವ ಆದೇಶವನ್ನು ಅದು ಎತ್ತಿಹಿಡಿಯಿತು. ಒಂದೇ ವ್ಯವಹಾರ, ಎರಡು ಕೋರ್ಟು, ಎರಡು ದಿಕ್ಕು. ಯಾವ ಕೋರ್ಟಿನ ಮುಂದೆ ಯಾವ ಪ್ರಶ್ನೆ ಇತ್ತು ಎಂಬುದನ್ನು ಬಿಡಿಸಿಕೊಂಡವರಿಗೆ ಅಲ್ಲಿ ಕಾಣುವ ವಿರೋಧ ಅರ್ಧಕ್ಕರ್ಧ ಕರಗುತ್ತದೆ. ಉಳಿದ ಅರ್ಧ ನಿಜವಾದ ವಿರೋಧವೇ. ಒಪ್ಪಂದದ ಎರಡು ಉಪಗ್ರಹಗಳಲ್ಲಿ ಜಿಸ್ಯಾಟ್-6 ಏನೋ 2015ರ ಆಗಸ್ಟಿನಲ್ಲಿ ಸುಸೂತ್ರವಾಗಿ ಕಕ್ಷೆ ಸೇರಿತು. 2018ರ ಮಾರ್ಚಿನಲ್ಲಿ ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ವ್ಯಾಜ್ಯ ಮಾತ್ರ 2025ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ತಲುಪಿತ್ತು.

ಒಳ್ಳೆಯ ತೀರ್ಪಿಗೆ ನನ್ನ ಒರೆಗಲ್ಲು ಇಷ್ಟೇ: ಹೊಸ ಯಂತ್ರ ಕಂಡು ಕಣ್ಣು ಕೋರೈಸಬಾರದು, ಹಳೆಯ ಪ್ರಶ್ನೆಯನ್ನು ಕೈಬಿಡಲೂ ಬಾರದು. ಯಾರು ಏನು ಮಾತು ಕೊಟ್ಟರು, ಯಾರಿಗೆ ಏನು ಗೊತ್ತಿತ್ತು ಎಂದು ಕೊನೆಗೂ ಕೇಳಬೇಕು. ಸಿಂಗಾಪುರದ ಈ ಎರಡೂ ತೀರ್ಪುಗಳು ಆ ಒರೆಗೆ ಗೆಲ್ಲುತ್ತವೆ. ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುತ್ತವೆ ಕೂಡ. ಬೆಂಗಳೂರಿನಲ್ಲಿ ಕೋಡ್ ಬರೆಯುವ ನಮ್ಮೂರಿನ ಮಕ್ಕಳು ಮೊದಲು ಬಿ2ಸಿ2 ತೀರ್ಪನ್ನು ಓದಲಿ. ತಾವು ಇಂದು ಬರೆದ ಒಂದು ಸಾಲಿನ ಹಿಂದಿದ್ದ ಯೋಚನೆ ಮುಂದೊಂದು ದಿನ ಕೋರ್ಟಿನಲ್ಲಿ ಸಾಕ್ಷಿಗೆ ಬರಬಹುದು ಎಂಬುದು ಅವರಿಗೆ ಗೊತ್ತಿರಲಿ. ಓದುವಾಗ ಕೊನೆಯ ಪುಟದಿಂದ ಮಾತ್ರ ಶುರು ಮಾಡಬೇಡಿ. ಮೊದಲು ನಡೆದ ಕಥೆ, ಆಮೇಲೆ ಭಿನ್ನಮತ, ಅದಾದ ಮೇಲೆ ಬಹುಮತ. ಪೂರ್ವಪಕ್ಷ ಗಟ್ಟಿಯಾಗಿ ಕೇಳಿದವರಿಗೇ ಸಿದ್ಧಾಂತದ ರುಚಿ ಹತ್ತುವುದು.