ದೇಶ ಬಿಡಿ, ತಾರೀಖು ನೋಡಿ

ಒಂದೇ ಬಿಯರ್ ಕುಡಿದು ಎದ್ದವರಿಗೆ ಅದು ತಣ್ಣಗಿತ್ತೋ ಇಲ್ಲವೋ ಎಂಬುದಷ್ಟೇ ನೆನಪಿರುತ್ತದೆ. ಅದೇ ಜಾತಿಯ ಎರಡನ್ನು ಅಕ್ಕಪಕ್ಕ ಇಟ್ಟು, ಒಂದೊಂದು ಗುಟುಕು ಬದಲಿಸಿ ಕುಡಿದಾಗಲೇ ನಾಲಿಗೆ ನಿಜವಾಗಿ ಕೆಲಸಕ್ಕೆ ಇಳಿಯುವುದು. ದೀಪಾಂಜಲಿ ನಗರದಲ್ಲಿ ನಮ್ಮ ಗೆಳೆಯರ ಗುಂಪು ಶನಿವಾರ ಸಂಜೆ ಮಹಡಿ ಮೇಲೆ ಸೇರುವುದು ಇದಕ್ಕಾಗಿಯೇ. ಹೊರದೇಶದ ಬಾಟಲಿ ಒಂದು, ನಮ್ಮ ನಾಡಿನದು ಒಂದು. ಯಾವುದು ಯಾವುದೆಂದು ಕೊನೆಯವರೆಗೂ ಹೇಳುವಂತಿಲ್ಲ.

ಕ್ರಮ ಸರಳ. ಬಾಟಲಿಗೆ ಹಳೇ ಪೇಪರು ಸುತ್ತಬೇಕು. ಸುತ್ತಿದವರು ಆ ಸರದಿಯಲ್ಲಿ ಬಾಯಿ ಬಿಡಬಾರದು. ತಲೆಗೆ 100 ಮಿಲಿಲೀಟರ್ ಸಾಕು, ಲೋಟ ಗಾಜಿನದೇ ಆಗಬೇಕು. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ, ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ನಡುನಡುವೆ ನೀರು, ಒಂದು ಹಿಡಿ ಒಗ್ಗರಣೆ ಹಾಕದ ಮಂಡಕ್ಕಿ. ಕಾಂಗ್ರೆಸ್ ಕಡಲೆಬೀಜವನ್ನು ಕೊನೆಗೆ ಇಟ್ಟುಕೊಳ್ಳಿ: ಖಾರ ಹತ್ತಿದ ನಾಲಿಗೆಗೆ ಹಾಪ್ಸಿನ ಕಹಿ ಇದ್ದದ್ದಕ್ಕಿಂತ ಒರಟಾಗಿ ತಾಕುತ್ತದೆ.

ಶುರುಮಾಡುವವರಿಗೆ ಗೋಧಿ ಬಿಯರೇ ಒಳ್ಳೆಯ ಪಾಠ. ಜರ್ಮನಿಯ ಬವೇರಿಯಾ ಮಾದರಿಯಲ್ಲಿ ಮಾಗಿದ ಬಾಳೆಹಣ್ಣು, ಲವಂಗದ ಘಮ ಬರುತ್ತದೆ. ಅದರೊಳಗೆ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಎರಡನ್ನೂ ಹುಟ್ಟಿಸುವುದು ಆ ಯೀಸ್ಟ್. ಬೆಲ್ಜಿಯಂ ಮಾದರಿಯ ದಾರಿಯೇ ಬೇರೆ. ಅಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜಕ್ಕೂ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ನಿಂತೇಹೋಗಿದ್ದ ಈ ಪದ್ಧತಿಯನ್ನು 1960ರ ದಶಕದಲ್ಲಿ ಮತ್ತೆ ಎಬ್ಬಿಸಿದವರು ಪಿಯರ್ ಸೆಲಿಸ್. ಊರಿನ ಹೆಸರನ್ನೇ ಹೊತ್ತ ಆ ಬಿಯರ್ ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಇವೆರಡನ್ನು ಒಟ್ಟಿಗೆ ಮೂಸಿ ನೋಡಿದವರು ಮತ್ತೆಂದೂ ಬೆರೆಸಿ ಹೇಳುವುದಿಲ್ಲ.

ಆದರೆ ನಮ್ಮ ಪೇಪರು ಸುತ್ತಿದ ಪಂದ್ಯಗಳು ಕಲಿಸಿದ ದೊಡ್ಡ ಪಾಠ ಬೇರೆ. ಹಾಪ್ಸಿನ ಪರಿಮಳವನ್ನೇ ನಂಬಿದ ಐಪಿಎಯಲ್ಲಿ, ಹಗುರವಾದ ಗೋಧಿ ಬಿಯರಿನಲ್ಲಿ, ದೂರದಿಂದ ಬಂದದ್ದು ಹತ್ತಿರದ ತಾಜಾ ಬಿಯರಿಗೆ ಮತ್ತೆ ಮತ್ತೆ ಸೋಲುತ್ತದೆ. ಮಾಡಿದವರ ಕೈ ಕಡಿಮೆಯೆಂದಲ್ಲ, ದಾರಿ ಉದ್ದವೆಂದು. ಹಡಗಿನ ಕಂಟೇನರು, ಗೋದಾಮು, ಅಂಗಡಿಯ ಬಿಸಿ ದಾಟುವ ಹೊತ್ತಿಗೆ ಚಕ್ಕೋತ, ನಿಂಬೆಸಿಪ್ಪೆಯ ಘಮ ಆರಿಹೋಗಿ ನೆಂದ ರಟ್ಟಿನ ವಾಸನೆ ಉಳಿದಿರುತ್ತದೆ. ಬಣ್ಣವಿಲ್ಲದ ಗಾಜಿನ ಬಾಟಲಿಯನ್ನು ಬಿಸಿಲಿಗೆ ಇಟ್ಟರಂತೂ ಬೆಳಕು ತಾಗಿ ಹಾಪ್ಸಿನ ಅಂಶವೇ ಒಡೆದು, ಕಾಡುಬೆಕ್ಕಿನ ನಾತ ಹುಟ್ಟುತ್ತದೆ. ಕಂದು ಗಾಜು ಇರುವುದು ಅದನ್ನು ತಡೆಯಲಿಕ್ಕೆ. ಕ್ಯಾನು ಇನ್ನೂ ವಾಸಿ, ಬೆಳಕು ಒಳಗೆ ಹೋಗುವ ಮಾತೇ ಇಲ್ಲ.

ಬಾಟಲಿ ಬಿಯರನ್ನು ದೂರದ ಪಯಣಕ್ಕೆ ಗಟ್ಟಿಗೊಳಿಸುವುದೇ ಒಂದು ಶಾಸ್ತ್ರ. ಸೋಸುತ್ತಾರೆ, ಬಿಸಿ ತಾಗಿಸಿ ಯೀಸ್ಟನ್ನು ಅಡಗಿಸುತ್ತಾರೆ, ತಣ್ಣಗಾದಾಗ ಮಬ್ಬಾಗದಂತೆ ಕಿಣ್ವ ಸೇರಿಸುವುದೂ ಉಂಟು. ಆ ಕಿಣ್ವದ ಕಥೆಯಲ್ಲಿ ನಮ್ಮೂರಿನ ಪಾಲು ದೊಡ್ಡದು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದ ಕಿರಣ್ ಮಜುಂದಾರ್ ಶಾ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳಲ್ಲಿ ಕೆಲಸ ಸಿಗಲಿಲ್ಲ. ಅವರು 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುಮಾಡಿ ಮೊದಲು ತಯಾರಿಸಿದ್ದು ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆದ ಪಪೈನ್ ಮತ್ತು ಮೀನಿನ ಗಾಳಿಚೀಲದಿಂದ ಬರುವ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸುವ ಸಾಮಾನು.

ಟ್ಯಾಂಕಿನಿಂದ ನೇರ ಲೋಟಕ್ಕೆ ಇಳಿಯುವ ಬಿಯರಿಗೆ ಈ ಕವಚ ಬೇಕಿಲ್ಲ. ವಿಠಲ್ ಮಲ್ಯ ರಸ್ತೆಯ ಹಳೇ ಬ್ರೂವರಿಯ ಜಾಗದಲ್ಲಿ ಇಂದು ಯುಬಿ ಸಿಟಿ ನಿಂತಿದೆ; ಅದರ ಹತ್ತಿರದಲ್ಲೇ 2011ರಲ್ಲಿ ಬಿಯೇರ್ ಕ್ಲಬ್ ತನ್ನ ಪುಟ್ಟ ಬ್ರೂವರಿ ತೆರೆಯಿತು. ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎಲ್ಲ ಆ ಕಾಲದವೇ. ದೀಪಾಂಜಲಿ ನಗರದವರಿಗೆ ಇವು ದೂರವೇನಲ್ಲ, ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಎಂ.ಜಿ. ರಸ್ತೆ, ಇಂದಿರಾನಗರ ಮುಟ್ಟುತ್ತೀರಿ. 2023ರಿಂದ ಅದೇ ಗಾಡಿ ವೈಟ್‌ಫೀಲ್ಡಿಗೂ ಹೋಗುತ್ತದೆ. ಬೈಕು, ಕಾರು ಮನೆಯಲ್ಲೇ ಇರಲಿ. ರುಚಿ ನೋಡುವವರಿಗೆ ಇದು ಮೊದಲ ನಿಯಮ. ಅಲ್ಲಿ ದೊಡ್ಡ ಮಗ್ ಕೇಳಬೇಡಿ. ಸಣ್ಣ ಲೋಟಗಳ ಸ್ಯಾಂಪ್ಲರ್ ತರಿಸಿ, ತೆಳುವಿನಿಂದ ಗಾಢದ ಕಡೆಗೆ ಹೋಗಿ. ಸ್ಟೌಟಿನ ಹುರಿದ ಕಾಫಿಬೀಜದ ಕಹಿ ಕೊನೆಗೇ ಬರಬೇಕು, ಮೊದಲು ಬಂದರೆ ಉಳಿದದ್ದೆಲ್ಲ ಸಪ್ಪೆ.

ಹೊರದೇಶದ ಬಿಯರ್ ಬೇಡವೆಂದು ನಾನು ಹೇಳುತ್ತಿಲ್ಲ. ಬೆಲ್ಜಿಯಂನ ಕ್ರೈಸ್ತ ಮಠದವರು ಮಾಡುವ ಶಿಮೇಯಂಥ ಗಾಢ ಬಿಯರುಗಳು ಬಾಟಲಿಯೊಳಗೇ ಇನ್ನೊಮ್ಮೆ ಹುದುಗುತ್ತವೆ. ಅದರ ನೀಲಿ ಲೇಬಲ್ಲಿನದರಲ್ಲಿ ಆಲ್ಕೋಹಾಲ್ ಶೇ 9. ತಳದಲ್ಲಿ ಯೀಸ್ಟ್ ಇರುವುದರಿಂದ ವರ್ಷ ಕಳೆದಂತೆ ಒಣದ್ರಾಕ್ಷಿ, ಅಂಜೂರದ ಗುಣ ಬೆಳೆಯುತ್ತದೆ. ಇಂಥದ್ದಕ್ಕೆ ದೂರ ಶತ್ರುವಲ್ಲ. ಸಿಕ್ಕಾಗ ಕೊಳ್ಳಿ, ನಾಲ್ವರು ಹಂಚಿಕೊಳ್ಳಿ, ಕಾಯಿ ಹೋಳಿಗೆಯ ಜೊತೆ ಕುಡಿದು ನೋಡಿ. ಬೆಲ್ಲಕ್ಕೂ ಅದಕ್ಕೂ ಚೆನ್ನಾಗಿ ಹೊಂದುತ್ತದೆ.

ಅಷ್ಟಕ್ಕೂ ಲೇಬಲ್ಲಿನ ಮೇಲಿನ ದೇಶ ಹೇಳುವುದು ಕಡಿಮೆ. 2015ರಲ್ಲಿ ಬಂದ ಬೀರಾ 91 ನಮ್ಮ ದೇಶದವರದೇ ಆದರೂ ಶುರುವಿನಲ್ಲಿ ತಯಾರಾಗುತ್ತಿದ್ದದ್ದು ಬೆಲ್ಜಿಯಂನಲ್ಲಿ. ಬೆಂಗಳೂರಿನ ಗೈಸ್ಟ್ ಕೂಡ ಮೊದಲು ಅಲ್ಲಿಂದಲೇ ಬರುತ್ತಿತ್ತು. ಈಗ ಹಳೇ ಮದ್ರಾಸ್ ರಸ್ತೆಯಲ್ಲಿ ತನ್ನದೇ ಬ್ರೂವರಿ ಇಟ್ಟುಕೊಂಡಿದೆ. ಆದ್ದರಿಂದ ಈ ವಾರ ಅಂಗಡಿಗೆ ಹೋದಾಗ ಬೆಲೆ ನೋಡುವ ಮೊದಲು ಬಾಟಲಿ ತಿರುಗಿಸಿ ತಯಾರಾದ ತಾರೀಖು ಓದಿ. ಗೋಧಿಯದು, ಹಾಪ್ಸಿನದು ಆದರೆ ಇರುವುದರಲ್ಲಿ ಹೊಸದನ್ನೇ ಆರಿಸಿ. ಕಪಾಟಿನ ಮುಂದಿನ ಸಾಲು ಬಿಟ್ಟು ಫ್ರಿಜ್ಜಿನ ಒಳಗಿನದು ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಹೀಗೆ ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಅಂಗಡಿಯವರು ಬಿಯರನ್ನು ಹಾಲಿನಷ್ಟೇ ಜೋಪಾನವಾಗಿ, ನೆರಳಿನಲ್ಲಿ, ತಣ್ಣಗೆ ಇಡಲು ಕಲಿಯುತ್ತಾರೆ.