ಚುಕ್ಕಿಯ ವಿದ್ಯೆಯೂ ಕಲಾಶಿಕ್ಷಣವೂ

ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಹೆಣ್ಣುಮಕ್ಕಳು ಅಕ್ಷರಕ್ಕೆ ಮೊದಲು ಕಲಿಯುವುದು ಚುಕ್ಕಿಯನ್ನು. ನಡುಸಾಲಿಗೆ ಹದಿನೈದು ಚುಕ್ಕಿಯಿಟ್ಟು, ಮೇಲೆಯೂ ಕೆಳಗೆಯೂ ಸಾಲಿಗೆ ಎರಡೆರಡು ಕಡಮೆ ಮಾಡುತ್ತ ಒಂದಕ್ಕೆ ತಂದು, ಎಲ್ಲ ಚುಕ್ಕಿಗಳನ್ನೂ ಸುತ್ತಿದ ಗೆರೆ ಹೊರಟಲ್ಲಿಗೇ ಬಂದು ಕೂಡುವಂತೆ ಎಳೆಯುವುದು ಸಾಮಾನ್ಯ ವಿದ್ಯೆಯಲ್ಲ. ರಂಗವಲ್ಲಿಯೆಂದು ಗ್ರಂಥಗಳು ಹೇಳುವ ಇದನ್ನು ನಮ್ಮ ಕಡೆ ಕೋಲವೆನ್ನುತ್ತೇವೆ. ದಿಂಡಿಗಲ್ಲಿಗೆ ಹತ್ತಿರದ ಚಿನ್ನಾಳಪಟ್ಟಿಯಲ್ಲಿ ಇದೇ ಲೆಕ್ಕ ಬಟ್ಟೆಗೆ ಏರಿದೆ. ಅಲ್ಲಿ ಸುಂಗುಡಿ ಸೀರೆಗಾಗಿ ಬಟ್ಟೆಯನ್ನು ಮಡಿಸಿ ಗುರುತು ಮಾಡಿ, ಚಿವುಟಿ ಎತ್ತಿ, ನೂಲಿನಿಂದ ಗಂಟು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಒಣಗಿದ ಮೇಲೆ ಗಂಟು ಬಿಚ್ಚಿದರೆ ಬಣ್ಣ ಹಿಡಿಯದ ಚುಕ್ಕಿಗಳು ಕಾಣುತ್ತವೆ. (ಈಗ ಅಚ್ಚಿನ ಸುಂಗುಡಿಯೇ ಹೆಚ್ಚೆಂಬುದು ಬೇರೆ ಮಾತು.)

ಈ ವಿದ್ಯೆಗೆ ನಮ್ಮ ವಿಶ್ವವಿದ್ಯಾಲಯಗಳ ಕಲಾಶಿಕ್ಷಣದಲ್ಲಿ ಯಾವ ಸ್ಥಾನವಿದೆ ಎಂಬುದೇ ನಾವು ಇಲ್ಲಿ ವಿವೇಚಿಸಬಯಸುವ ವಿಷಯ. ಆ ಶಿಕ್ಷಣದ ಮೇಲಣ ವಸಾಹತು ಮುದ್ರೆಯನ್ನು ಅಳಿಸಬೇಕೆಂದು ವಿದ್ವಾಂಸರು ಹೇಳುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಮುದ್ರೆ ಎಲ್ಲಿ ಬಿದ್ದಿದೆಯೆಂಬುದನ್ನು ಮೊದಲು ಕಾಣಬೇಕಷ್ಟೆ.

ಮದರಾಸಿನಲ್ಲಿ 1850ರಲ್ಲಿ ಕಲಾಶಾಲೆ ತೆರೆದವರು ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು. ದೇಶೀಯರ ಅಭಿರುಚಿಯನ್ನು ತಿದ್ದುವುದೂ ಅವರ ಉದ್ದೇಶವಾಗಿತ್ತು. 1884ರಲ್ಲಿ ಅಲ್ಲಿಗೆ ಬಂದ ಇ. ಬಿ. ಹ್ಯಾವೆಲ್ಲರು ನಮ್ಮ ಕುಶಲಕರ್ಮಿಗಳ ಪರವಾಗಿ ವಾದಿಸಿದರು. 1896ರಲ್ಲಿ ಕಲ್ಕತ್ತೆಗೆ ಹೋದ ಮೇಲೆ ಕಲಾಶಾಲೆಯ ಸಂಗ್ರಹದಿಂದ ಯುರೋಪಿನ ಚಿತ್ರಗಳನ್ನು ಹೊರಹಾಕಿಸಿದರು. ಅದನ್ನು ಪ್ರತಿಭಟಿಸಿದವರು ಅಲ್ಲಿನ ವಿದ್ಯಾರ್ಥಿಗಳೇ! ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿಯೇ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಫಲ ದೊಡ್ಡದು, ಸಂದೇಹವಿಲ್ಲ. ಆದರೆ ಗೋಡೆಯ ಮೇಲಣ ಮಾದರಿ ಬದಲಾಯಿತೇ ಹೊರತು ಮಾದರಿಯನ್ನು ಆರಿಸುವ ಅಧಿಕಾರ ಕುಶಲಕರ್ಮಿಯ ಕೈಗೆ ಬರಲಿಲ್ಲ. ಲಲಿತಕಲೆ ಮೇಲೆ, ಕೈಕಸುಬು ಕೆಳಗೆ ಎಂಬ ಮೆಟ್ಟಿಲು ಹಾಗೆಯೇ ಉಳಿಯಿತು. ನಮ್ಮ ಮತದಲ್ಲಿ ಮುದ್ರೆಯೆಂಬುದು ಈ ಮೆಟ್ಟಿಲೇ. ಕೆ. ಸಿ. ಎಸ್. ಪಣಿಕ್ಕರರ ಮುಂದಾಳುತನದಲ್ಲಿ 1966ರಲ್ಲಿ ಚೋಳಮಂಡಲವನ್ನು ಕಟ್ಟಿದ ಕಲಾವಿದರು ಬಾಟಿಕ್ ಬಟ್ಟೆ ಮಾರಿ ಜೀವನ ನಡೆಸಿದರು. ಹೆಸರು ಬಂದದ್ದು ಕ್ಯಾನ್ವಾಸಿಗೆ. ಬರೋಡೆಯಲ್ಲಿ ಮಾತ್ರ ಕೆ. ಜಿ. ಸುಬ್ರಹ್ಮಣ್ಯನ್ನರು ಈ ಭೇದವನ್ನು ಒಪ್ಪದೆ ವಿದ್ಯಾರ್ಥಿಗಳೊಡನೆ ಕುಳಿತು ಕಲಾಮೇಳಕ್ಕೆ ಆಟಿಕೆ ಮಾಡಿದರು.

ನಮ್ಮಲ್ಲಿ ಓದಿದ, ತಾಯಿಯ ತವರು ಚಿನ್ನಾಳಪಟ್ಟಿಯಾದ ದೇವಾಂಗರ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಒಂದು ಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೋದಳು. ಕೈಯಿಂದ ಗಂಟು ಕಟ್ಟಿದ ಸುಂಗುಡಿಯ ಎರಡು ತುಂಡು, ಕೋಲದ ನೋಟುಪುಸ್ತಕ ಒಯ್ದಿದ್ದಳು. "ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ ಸಾರ್, ಹೂಜಿ ಬರೆದು ನೆರಳು ಹಾಕು ಅಂದರು" ಎಂದು ಬಂದು ಹೇಳಿದಳು. ಸೀಟು ಸಿಗಲಿಲ್ಲ. ಆ ಕಾಲೇಜನ್ನು ದೂರುವ ಮೊದಲು ನಮ್ಮನ್ನೇ ದೂರಿಕೊಳ್ಳಬೇಕು. ಅವಳು ಒಂಬತ್ತನೆಯ ತರಗತಿಯಲ್ಲಿ ಡ್ರಾಯಿಂಗ್ ಪುಸ್ತಕದ ತುಂಬ ಕೋಲ ಬರೆದಿದ್ದಾಗ, "ಇದನ್ನು ಮನೆಯಲ್ಲಿ ಹಾಕಮ್ಮ, ಇಲ್ಲಿ ಪರೀಕ್ಷೆಗೆ ಬೇಕಾದದ್ದು ಬರೆ" ಎಂದವರು ನಾವೇ. ಫ್ರೀಹ್ಯಾಂಡ್ ಔಟ್‌ಲೈನ್, ಮಾಡೆಲ್ ಡ್ರಾಯಿಂಗ್ ಎಂಬ ಸರ್ಕಾರಿ ಪರೀಕ್ಷೆಗಳ ಹೆಸರನ್ನು ಉಚ್ಚರಿಸಿಯೇ ನಾವೂ ಬೆಳೆದವರು.

ನೆರಳು ಬೆಳಕು ಕಲಿಯಬಾರದೆಂಬುದು ನಮ್ಮ ವಾದವಲ್ಲ. ಮದರಾಸಿನ ಕಲಾ ಕಾಲೇಜಿನಲ್ಲಿ ಜವಳಿ ವಿನ್ಯಾಸದ ವಿಭಾಗವಿರುವುದನ್ನೂ ನಾವು ಬಲ್ಲೆವು. ಆದರೆ ಚುಕ್ಕಿಯಿಂದ ಹೊರಟ ಮಗುವನ್ನು ಹೂಜಿಯ ಬಾಗಿಲಿನಿಂದಲೇ ಒಳಗೆ ಬಿಡುವುದೇಕೆ? ಮದರಾಸಿನ ಗಣಿತಜ್ಞರಿಗೆ ಈ ಕಣ್ಣು ಮೊದಲೇ ತೆರೆದಿತ್ತು. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಇವರು ಕೋಲದಲ್ಲಿ ವ್ಯಾಕರಣದಂಥ ನಿಯಮಗಳಿರುವುದನ್ನು ಕಂಡು 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಗಣಕ ವಿಜ್ಞಾನಕ್ಕೆ ಪಾಠವಾದದ್ದು ಚಿತ್ರಕಲೆಗೆ ಅಲಂಕಾರ ಮಾತ್ರವೇ?

ಕಳೆದ ವರ್ಷ ಆ ಹುಡುಗಿಯ ತಾಯಿಯನ್ನು ನಮ್ಮ ಶಾಲೆಯ ಚಿತ್ರಕಲೆಯ ತರಗತಿಗೆ ಕರೆದೆವು. ಕುರ್ಚಿ ಬೇಡವೆಂದು ನೆಲದ ಮೇಲೆಯೇ ಕುಳಿತು ಆಯಮ್ಮ ಗಂಟು ಕಟ್ಟುವುದನ್ನು ತೋರಿಸಿದರು, ಗಂಡುಮಕ್ಕಳೂ ಕಲಿತರು. ಅಂಕಪಟ್ಟಿಯಲ್ಲಿ ಅದಕ್ಕೆ ಕಲಂ ಇಲ್ಲವೆಂದು ನಮ್ಮ ಡ್ರಾಯಿಂಗ್ ಮಾಸ್ತರರು ನೆನಪಿಸಿದಾಗ ಸ್ಕೇಲಿಟ್ಟು ಒಂದು ಕಲಂ ಎಳೆದುಕೊಟ್ಟಿದ್ದೇವೆ. ಮೇಲಿನವರು ಏನೆನ್ನುವರೋ ನೋಡಬೇಕು.