ಕ್ಲ್ಯಾಶ್ ಹಾಡುಗಳಲ್ಲಿ ಮೇಲಾದುದು ಯಾವುದು?

ಪಂಕ್ ರಾಕ್ ಎಂದೊಡನೆ ನಮ್ಮ ಹಿರಿಯ ವಾಚಕರು ಕಿವಿ ಮುಚ್ಚಿಕೊಂಡಾರು. ಹರಿದ ಅಂಗಿ, ಕೆದರಿದ ಕೂದಲು, ಅರಚಾಟ. ಅದು ಇಷ್ಟೇ ಎಂಬುದು ರೂಢಿಯ ಮಾತು. ಆದರೆ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ದಿ ಕ್ಲ್ಯಾಶ್’ ತಂಡದ ಅಭಿಮಾನಿಗಳು ಒಂದು ಜಗಳವನ್ನು ಇಂದಿಗೂ ಬಿಟ್ಟಿಲ್ಲ. ಆ ತಂಡದ ಶ್ರೇಷ್ಠ ಹಾಡು ಯಾವುದು? ಸಾಹಿತ್ಯದ ದೃಷ್ಟಿಯಿಂದ ಮೇಲಾದುದು ಯಾವುದು? ಬರಿಯ ಅರಚಾಟವಾಗಿದ್ದರೆ ಅದರ ಸಾಹಿತ್ಯಕ್ಕಾಗಿ ಇಷ್ಟು ವರ್ಷ ಯಾರು ಗುದ್ದಾಡುತ್ತಿದ್ದರು? ನಮ್ಮ ಮನೆಗಳ ಹುಡುಗರೂ ಈ ವಾದಕ್ಕಿಳಿದಿರುವುದರಿಂದ ನಾವೂ ಒಂದು ಮಾತು ಸೇರಿಸುತ್ತೇವೆ.

ಒಂದು ಪಕ್ಷಕ್ಕೆ 1977ರ ಮೊದಲ ಧ್ವನಿಮುದ್ರಿಕೆಯೇ ಸರ್ವಸ್ವ. ‘ವೈಟ್ ರಾಯಟ್’ ಅವರ ಬಾವುಟ. 1976ರ ಆಗಸ್ಟಿನಲ್ಲಿ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಕರಿಯ ತರುಣರಿಗೂ ಪೊಲೀಸರಿಗೂ ಆದ ಘರ್ಷಣೆಯನ್ನು ಕಣ್ಣಾರೆ ಕಂಡ ಜೋ ಸ್ಟ್ರಮರ್, ಬಿಳಿಯ ಹುಡುಗರಲ್ಲೇಕೆ ಈ ಕೆಚ್ಚಿಲ್ಲವೆಂದು ಕೇಳಿದ ಹಾಡು ಅದು. ಎರಡು ನಿಮಿಷವೂ ಇಲ್ಲ. ರಭಸವುಂಟು, ಅಲ್ಲವೆನ್ನಲಾರೆವು. ಆದರೆ ಅದನ್ನು ವರ್ಣದ್ವೇಷದ ಹಾಡೆಂದು ತಿಳಿದವರೂ ಇದ್ದರು. ಆ ತಪ್ಪು ಕೇಳಿದವರದು ಮಾತ್ರವಲ್ಲ. ಹಿಂದೆ ಮುಂದೆ ಕಥೆ ಹೇಳದೆ ತಿಳಿಯದ ಕೂಗು ಅದು.

‘ಲಂಡನ್ ಕಾಲಿಂಗ್’ ಪಕ್ಷ ದೊಡ್ಡದು. ಯುದ್ಧಕಾಲದ ಬಿ.ಬಿ.ಸಿ. ಪ್ರಸಾರಗಳ ಒಕ್ಕಣೆಯನ್ನೇ ಶೀರ್ಷಿಕೆಯಾಗಿಸಿಕೊಂಡು, 1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಾದ ಅಪಘಾತವನ್ನೂ ಥೇಮ್ಸ್ ಉಕ್ಕುವ ಭಯವನ್ನೂ ಒಂದೇ ಉಸಿರಿನಲ್ಲಿ ಹೇಳುವ ಹಾಡು. ಅದೇ ಹೆಸರಿನ ಜೋಡಿ ರೆಕಾರ್ಡನ್ನು, 19 ಹಾಡುಗಳ ಸಹಿತ, ತಂಡದವರು ಹಟ ಹಿಡಿದು ಒಂದರ ಬೆಲೆಗೇ ಮಾರಿಸಿದರು. (ಅದೂ ಒಂದು ವಿಮರ್ಶೆಯೇ!) ಹಾಡು ಭವ್ಯವಾಗಿದೆ. ಆದರೆ ಪ್ರಳಯ ಸಾರುವವನು ಎತ್ತರದಲ್ಲಿ ನಿಂತಿರುತ್ತಾನೆ. ನೀನಾರೆಂದು ಅವನನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಸ್ಟ್ರಮರ್ ತನಗೇ ಹಾಕಿಕೊಂಡದ್ದು 1978ರ ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೇ’ಯಲ್ಲಿ. ಜಮೈಕದ ಗಾಯಕರ ರೆಗೆ ಕಛೇರಿಗೆ ಹೋಗಿ, ಬಂಡಾಯ ನಿರೀಕ್ಷಿಸಿ, ಮನರಂಜನೆ ಕಂಡು ಪೆಚ್ಚಾದ ಬಿಳಿಯನ ಹಾಡು ಇದು. ಆ ನಿರಾಸೆ ಮೆಲ್ಲನೆ ತಿರುಗಿ ತನ್ನದೇ ಪಂಕ್ ಬಳಗದ ಹಣದಾಸೆಯತ್ತ ಬೆರಳು ಮಾಡುತ್ತದೆ. ಇದನ್ನೇ ಮೇಲೆನ್ನುವವರ ಮಾತಿಗೆ ನಾವು ಮುಕ್ಕಾಲು ಪಾಲು ತಲೆದೂಗುತ್ತೇವೆ.

ಆದರೂ ನಮ್ಮ ಮತ ‘ಸ್ಟ್ರೇಟ್ ಟು ಹೆಲ್’ಗೆ. 1982ರ ‘ಕಾಂಬ್ಯಾಟ್ ರಾಕ್’ನಲ್ಲಿ ಬಂದುದು. ಮೊದಲು ಇಂಗ್ಲೆಂಡಿನಲ್ಲಿ ತುಕ್ಕು ಹಿಡಿಯುವ ಉಕ್ಕಿನ ಕಾರ್ಖಾನೆಗಳು, ಅಲ್ಲಿಗೆ ಬಂದ ಪರದೇಶಿ. ಬಳಿಕ ವಿಯೆಟ್ನಾಮಿನಲ್ಲಿ ಅಮೆರಿಕನ್ ಸಿಪಾಯಿ ಬಿಟ್ಟುಹೋದ ಮಗು, ಅದರ ಕೈಯಲ್ಲೊಂದು ಫೋಟೋ. ಆಮೇಲೆ ಅಮೆರಿಕದ ಬಡ ಬೀದಿ. ಎಲ್ಲೆಡೆಯೂ ಉತ್ತರ ಒಂದೇ: ನಿನಗಿಲ್ಲಿ ಜಾಗವಿಲ್ಲ. ಸ್ಟ್ರಮರ್ ಇಲ್ಲಿ ಕೂಗುವುದಿಲ್ಲ. ಬಾಗಿಲು ಹಾಕುವವನ ಮಾತನ್ನೇ ತಗ್ಗಿದ ದನಿಯಲ್ಲಿ ಆಡುತ್ತಾನೆ. ಎದೆ ನಡುಗಿಸುವುದು ಅದೇ. ಟಾಪರ್ ಹೆಡನ್ನನ ಡ್ರಮ್ಮು ರಾಕ್‌ನ ಬಡಿತ ಬಿಟ್ಟು ಬ್ರೆಜಿಲ್ಲಿನ ಬೊಸಾನೋವಾದಂತೆ ತೂಗುತ್ತದೆ. ದೋಷವಿಲ್ಲವೆಂದಲ್ಲ. ಕೊನೆಯ ಭಾಗದಲ್ಲಿ ಮಾತು ಚೆದುರುತ್ತದೆ. ಏಳು ನಿಮಿಷದ ಹಾಡನ್ನು ಐದೂವರೆಗೆ ಕತ್ತರಿಸಿದ್ದರಿಂದಲೂ ಕೆಲವು ಎಳೆಗಳು ಕಡಿದಿವೆ.

ರಾಯಭಾರ ಕಚೇರಿಯ ಅಧಿಕಾರಿಯ ಮಗನಿಗೆ ವಲಸೆಗಾರನ ಪಾಡೇನು ಗೊತ್ತು ಎನ್ನುವವರಿದ್ದಾರೆ. ನಿಜ, ತಂದೆ ಲಖನೌದಲ್ಲಿ ಹುಟ್ಟಿದ ಬ್ರಿಟಿಷ್ ಅಧಿಕಾರಿ, ಮಗ ಹುಟ್ಟಿದ್ದು 1952ರಲ್ಲಿ ಅಂಕಾರದಲ್ಲಿ. ಆದರೆ ಅವನು ವಲಸೆಗಾರನ ವೇಷ ಹಾಕಿಲ್ಲವಲ್ಲ! ಬಾಗಿಲ ಒಳಗಿರುವವರ ಭಾಷೆ ಅವನಿಗೆ ಮನೆಮಾತು. ಅದನ್ನೇ ಬಳಸಿದ್ದಾನೆ.

1982ರಲ್ಲಿ ಬ್ರಿಟನ್ನಿನಲ್ಲಿ ಈ ಹಾಡೂ ‘ಷುಡ್ ಐ ಸ್ಟೇ ಆರ್ ಷುಡ್ ಐ ಗೋ’ ಎಂಬುದೂ ಒಂದೇ ತಟ್ಟೆಯ ಎರಡು ಮಗ್ಗುಲಾಗಿ ಹೊರಬಂದವು. ಪ್ರೇಮಿಯೊಬ್ಬನ ಹೊಯ್ದಾಟವಾದ ಆ ಹಾಡು ಜೀನ್ಸ್ ಜಾಹೀರಾತಿನ ಬಲದಿಂದ 1991ರಲ್ಲಿ ಅಲ್ಲಿ ಮೊದಲ ಸ್ಥಾನಕ್ಕೇರಿತು. ಇದರ ರಾಗ 2007ರಲ್ಲಿ, ಶ್ರೀಲಂಕಾ ತಮಿಳು ಮನೆತನದ ಎಂ.ಐ.ಎ. ಹಾಡಿದ ‘ಪೇಪರ್ ಪ್ಲೇನ್ಸ್’ನಲ್ಲಿ ಮತ್ತೆ ತಲೆಯೆತ್ತಿತು. ಮರುವರ್ಷ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದಲ್ಲಿ ಮುಂಬಯಿಯ ಇಬ್ಬರು ಹುಡುಗರ ರೈಲು ಪಯಣಕ್ಕೆ ಜೊತೆಯಾಯಿತು. ನೀವೂ ಕೇಳಿರುತ್ತೀರಿ, ಮೂಲ ಯಾರದೆಂದು ತಿಳಿಯದೆ.

1960ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರು ಹೊರಡಲಿ ಎಂಬ ಕೂಗೆದ್ದಾಗ ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹಿರಿಯರಿಗೆ ಈ ಹಾಡಿನ ಪಲ್ಲವಿಯಲ್ಲಿರುವ ದನಿ ಯಾರದೆಂದು ವಿವರಿಸಬೇಕಿಲ್ಲ. ಹುಡುಗರೇ, ಅವರಿಗೊಮ್ಮೆ ಇದನ್ನು ಕೇಳಿಸಿ. ಇಂಗ್ಲಿಷು ತೊಡಕಾದರೆ ಅರ್ಥ ಹೇಳಿ. ‘ವೈಟ್ ರಾಯಟ್’ ಪಕ್ಷದವರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಸ್ಥಳವುಂಟು.